ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳಲ್ಲಿ ಸಂತೆಯ ದಿನದ ಚಿತ್ರಪ್ರೇಕ್ಷಕ ಬಳಗ

ಚಲಚ್ಚಿತ್ರದ ಇತಿಹಾಸವೆಂದು ಇದುವರೆಗೆ ನಮ್ಮಲ್ಲಿ ಬಂದಿರುವ ಬರವಣಿಗೆಯು ಬಹುಮಟ್ಟಿಗೆ ಚಿತ್ರಗಳನ್ನು ತಯಾರಿಸಿದವರ ಇತಿಹಾಸವಾಗಿದೆ. ಅವುಗಳನ್ನು ನೋಡಿದವರ ವಿಷಯವಾಗಿ ಬಂದುದು ಅಲ್ಪ. ಬಂದುದರಲ್ಲಿಯೂ ಹೆಚ್ಚಿನದು ನಗರದ ಪ್ರೇಕ್ಷಕನನ್ನು ಕುರಿತದ್ದು. ಇದಕ್ಕೆ ಕಾರಣ ಆಕರಗಳಲ್ಲಿಯೇ ಇದೆ. ೧೯೨೭ರಲ್ಲಿ ಟಿ. ರಂಗಾಚಾರಿಯರ ಅಧ್ಯಕ್ಷತೆಯಲ್ಲಿ ನೇಮಕಗೊಂಡ ಭಾರತೀಯ ಚಲಚ್ಚಿತ್ರ ಸಮಿತಿಯು ಮುಂಬಯಿ, ಕರಾಚಿ, ಲಾಹೋರ, ಕಲಕತ್ತೆ, ಮದರಾಸು, ರಂಗೂನು ಮೊದಲಾದ ಪಟ್ಟಣಗಳಲ್ಲಿ ಸಾಕ್ಷ್ಯವನ್ನು ಸಂಗ್ರಹಿಸಿ ೧೯೨೮ರಲ್ಲಿ ವರದಿಯನ್ನು ಒಪ್ಪಿಸಿತು. ೧೯೪೯ರಲ್ಲಿ ನೇಮಕವಾಗಿ ೧೯೫೧ರಲ್ಲಿ ವರದಿಯಿತ್ತ ಎಸ್. ಕೆ. ಪಾಟೀಲ ಸಮಿತಿಯ ಮುಖ್ಯ ಚಿಂತೆಯು ಉದ್ಯಮದ ಬಂಡವಾಳ, ತಯಾರಿಕೆ, ಹಂಚಿಕೆಗಳ ವಿಷಯವಾಗಿತ್ತು. ಆಮೇಲೆ ಹುಟ್ಟಿದ ಫಿಲ್ಮ್ ಸೊಸೈಟಿಗಳು ಸದಸ್ಯರ ಪಟ್ಟಿಯನ್ನೂ ಚಂದಾ ಪುಸ್ತಕವನ್ನೂ ಸಭೆಯ ನಡವಳಿಯನ್ನೂ ಬರೆದಿಟ್ಟುದರಿಂದ ಅವುಗಳ ಚರಿತ್ರೆಯನ್ನು ರಚಿಸುವುದು ಸುಲಭವಾಯಿತು. ಹೆಸರಿಲ್ಲದೆ, ಚಂದಾ ಇಲ್ಲದೆ, ವಾರಕ್ಕೊಮ್ಮೆ ಒಂದೇ ಚಕ್ಕಡಿಯಲ್ಲಿ ಕುಳಿತು ಚಿತ್ರ ನೋಡಲು ಹೋದವರು ಹೀಗೆ ಚರಿತ್ರೆಯ ಹೊರಗುಳಿದರು.

ಪ್ರಸ್ತುತ ಲೇಖನದಲ್ಲಿ ಹಿಂದಿನ ಬಿಜಾಪುರ, ಈಗಿನ ವಿಜಯಪುರ ಜಿಲ್ಲೆಯ ನಾಲ್ಕು ತಾಲೂಕುಗಳಲ್ಲಿದ್ದ ಅಂಥ ಪ್ರೇಕ್ಷಕರನ್ನು ಕುರಿತು ವಿಚಾರಿಸಿದ್ದೇವೆ. ತಾಲೂಕುಗಳೆಂದರೆ ಇಲ್ಲಿ ಹಳೆಯ ಎಲ್ಲೆಗಳನ್ನೇ ಹಿಡಿದಿದ್ದೇವೆ. ಚಡಚಣ, ಆಲಮೇಲ, ದೇವರ ಹಿಪ್ಪರಗಿ, ತಾಳಿಕೋಟಿ, ನಿಡಗುಂದಿ, ಕೊಲ್ಹಾರಗಳು ಇತ್ತೀಚಿನ ವರ್ಷಗಳಲ್ಲಿ ಬೇರೆ ತಾಲೂಕುಗಳಾಗಿರುವುದು ವಾಚಕರಿಗೆ ತಿಳಿದದ್ದೇ. ಈ ಭಾಗದಲ್ಲಿ ಚಿತ್ರವನ್ನು ನೋಡಿದ್ದು ಒಬ್ಬೊಬ್ಬ ವ್ಯಕ್ತಿಯಲ್ಲ, ಬಳಗ. ಆ ಬಳಗವನ್ನು ಕೂಡಿಸಿದ್ದು ಕಲೆಯ ಮೇಲಿನ ಪ್ರೀತಿಗಿಂತ ಮೊದಲು ಸಂತೆ, ಎರೆಮಣ್ಣು ಮತ್ತು ಡೇರೆಯ ಬಟ್ಟೆ ಎಂಬುದು ನಮ್ಮ ಅಭಿಪ್ರಾಯ.

‘ಬಳಗ’ ಎಂಬ ಮಾತನ್ನು ನಾವು ಬೇಕೆಂದೇ ಬಳಸುತ್ತಿದ್ದೇವೆ. ಇಂಡಿ ತಾಲೂಕಿಗೆ ಸೇರಿದ್ದ ಹಲಸಂಗಿ ಎಂಬ ಸಣ್ಣ ಊರಿನಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಮೊದಲಾದವರು ಗೆಳೆಯರಾಗಿ ಕೂಡಿ ಓದಿದರು, ಹಾಡು ಸಂಗ್ರಹಿಸಿದರು; ೧೯೩೧ರಲ್ಲಿ ‘ಗರತಿಯ ಹಾಡು’ ಹೊರಬಂದಿತು. ಸಂಘವೆಂದು ನೋಂದಣಿಯಾಗುವುದಕ್ಕಿಂತ ಗೆಳೆತನದಿಂದ ನಡೆಯುವ ಕೂಟ ಈ ಸೀಮೆಗೆ ಹೊಸದಲ್ಲ. ಪಾರಿಜಾತ, ಸಣ್ಣಾಟ, ಡೊಳ್ಳಿನ ಹಾಡು, ಭಜನೆ ಇವೆಲ್ಲವುಗಳಿಗೂ ಊರೂರಿನಲ್ಲಿ ಮೇಳಗಳಿದ್ದವು. ಮೇಳ ಆಡುವವರದು, ಬಳಗ ನೋಡುವವರದು; ಒಂದು ಇರುವಲ್ಲಿ ಇನ್ನೊಂದು ಇರುವುದು ಸಹಜ.

ಇನ್ನು ಭೂಮಿಯ ವಿಷಯ. ಉತ್ತರಕ್ಕೆ ಭೀಮೆ, ದಕ್ಷಿಣಕ್ಕೆ ಕೃಷ್ಣೆ, ನಡುವೆ ಡೋಣಿ. ಈ ಮೂರರ ನಡುವಣ ಬಹುಭಾಗ ಎರೆಭೂಮಿ. ವರ್ಷದ ಮಳೆ ಸುಮಾರು ೬೦೦ ಮಿಲಿಮೀಟರು. ಮುಖ್ಯ ಬೆಳೆಯಾದ ಹಿಂಗಾರಿ ಬಿಳಿಜೋಳವನ್ನು ಸಪ್ಟೆಂಬರ-ಅಕ್ಟೋಬರಿನಲ್ಲಿ ಬಿತ್ತಿ ಫೆಬ್ರುವರಿ-ಮಾರ್ಚಿನಲ್ಲಿ ಕೊಯ್ಯುವರು. ೧೮೮೦ರ ದಶಕದಲ್ಲಿ ಹಾಕಿದ ಹೋಟಗಿ-ಗದಗ ರೈಲುಮಾರ್ಗವು ಜಿಲ್ಲೆಯ ಕೇಂದ್ರವನ್ನು ಸೋಲಾಪುರಕ್ಕೂ ಹುಬ್ಬಳ್ಳಿಯ ಕಡೆಗೂ ಜೋಡಿಸಿತು. ಆದರೆ ನಮ್ಮ ನಾಲ್ಕು ಊರುಗಳನ್ನೂ ಅದು ಬದಿಗೆ ಬಿಟ್ಟಿತು. ನಿಲ್ದಾಣಗಳ ಹೆಸರನ್ನೇ ನೋಡಿರಿ: ‘ಇಂಡಿ ರೋಡ್’, ‘ಬಸವನ ಬಾಗೇವಾಡಿ ರೋಡ್’. ಊರು ಇಲ್ಲಿಲ್ಲ, ಊರಿಗೆ ಹೋಗುವ ದಾರಿ ಮಾತ್ರ ಇಲ್ಲಿದೆ ಎಂದು ರೈಲು ಇಲಾಖೆಯೇ ಒಪ್ಪಿಕೊಂಡಂತಿದೆ. ಸಿಂದಗಿ, ಮುದ್ದೇಬಿಹಾಳಗಳಿಗೆ ಅಷ್ಟೂ ಇರಲಿಲ್ಲ. ಜಿಲ್ಲಾ ಕೇಂದ್ರದಿಂದ ಈ ನಾಲ್ಕು ಊರುಗಳು ಸುಮಾರು ೪೦ರಿಂದ ೮೦ ಕಿಲೋಮೀಟರು ದೂರದಲ್ಲಿವೆ. ಹಳ್ಳಿಯವನು ಚಿತ್ರ ನೋಡಲು ಬಿಜಾಪುರಕ್ಕೆ ಹೋಗುವುದು ವರ್ಷಕ್ಕೊಮ್ಮೆ, ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಗೆ ಹೋದಾಗ ಸಾಧ್ಯವಾಗಬಹುದಾದ ಮಾತು. ವಾರವಾರವೂ ನೋಡಬೇಕಾದರೆ ಚಿತ್ರವೇ ಅವನ ಬಳಿಗೆ ಬರಬೇಕಾಗಿತ್ತು. ಬಂದುದು ಡೇರೆಯಲ್ಲಿ, ‘ಟೂರಿಂಗ್ ಟಾಕೀಜ’ ಎಂಬ ಹೆಸರಿನಿಂದ.

ಡೇರೆಯ ರೀತಿಯನ್ನು ಸ್ವಲ್ಪ ವಿಸ್ತಾರವಾಗಿ ನೋಡುವುದು ಅವಶ್ಯ; ಏಕೆಂದರೆ ಬಳಗದ ರೂಪವು ಅದರಿಂದಲೇ ನಿರ್ಣಯವಾಯಿತು. ಬಟ್ಟೆಯ ಡೇರೆಯೊಳಗೆ ಹಗಲಿನಲ್ಲಿ ಕತ್ತಲೆಯಾಗದು. ಆದುದರಿಂದ ಖಾಯಂ ಮಂದಿರದಲ್ಲಿದ್ದಂತೆ ಮಧ್ಯಾಹ್ನದ ಆಟ ಇಲ್ಲಿ ಇಲ್ಲ. ಹೊತ್ತು ಮುಳುಗಿದ ಮೇಲೆಯೇ ಮೊದಲನೆಯ ಆಟ, ಅದು ಮುಗಿದ ಮೇಲೆ ಎರಡನೆಯದು. ಸಂತೆಯಾದರೋ ಸಂಜೆಗೆ ಮುಗಿಯುವುದು. ಸಂತೆಗೆ ಬಂದ ಒಕ್ಕಲಿಗನು ಆಟವನ್ನು ನೋಡಬೇಕಾದರೆ ಕತ್ತಲಾಗುವ ತನಕ ಊರಲ್ಲಿ ಉಳಿಯಬೇಕು, ನಡುರಾತ್ರಿಯಲ್ಲಿ ಮರಳಬೇಕು. ಅವನ ಚೀಲದಲ್ಲಿ ಸಂತೆಯ ಸಾಮಾನು, ಸೊಂಟದಲ್ಲಿ ಕಾಳು ಮಾರಿದ ಹಣ, ಮುಂದೆ ಎತ್ತು. ಒಬ್ಬನೇ ಹೋಗುವ ದಾರಿ ಅದಲ್ಲ. ನಾಲ್ಕಾರು ಚಕ್ಕಡಿಗಳು ಕೂಡಿದರೆ ಮಾತ್ರ ಹೋಗಬಹುದು. ಕೂಡಬೇಕಾದರೆ ಮೊದಲೇ ಮಾತಾಗಬೇಕು. ಯಾರ ಎತ್ತು, ಯಾರು ಹೊಡೆಯುವವರು, ಬುತ್ತಿ ಎಷ್ಟು ಜನಕ್ಕೆ, ಮನೆಯಲ್ಲಿ ದನಗಳಿಗೆ ಮೇವು ಹಾಕುವವರು ಯಾರು ಎಂಬುದೆಲ್ಲ ಹಿಂದಿನ ದಿನವೇ ನಿರ್ಣಯವಾಗಬೇಕು. ಇದೇ ಬಳಗದ ಹುಟ್ಟು. ನಗರದಲ್ಲಿ ಸಂಘಕ್ಕೆ ನಿಯಮಾವಳಿ ಇದ್ದರೆ ಇಲ್ಲಿ ಚಕ್ಕಡಿಯ ಅಗಲವೇ ನಿಯಮಾವಳಿಯಾಗಿತ್ತು.

ಸಂತೆಯ ದಿನಕ್ಕೂ ಚಿತ್ರಕ್ಕೂ ಇದ್ದ ಸಂಬಂಧಕ್ಕೆ ಹಣವೂ ಒಂದು ಕಾರಣ. ಈ ಭಾಗದ ಕೂಲಿಯು ಬಹುಕಾಲ ಕಾಳಿನ ರೂಪದಲ್ಲಿಯೇ ಸಲ್ಲುತ್ತಿತ್ತು. ಡೇರೆಯ ಬಾಗಿಲಿನಲ್ಲಿ ಜೋಳ ನಡೆಯದು, ಆಣೆಯೇ ಬೇಕು. ೧೯೫೭ರ ಏಪ್ರಿಲ್ ತರುವಾಯ ನಯಾ ಪೈಸೆ ಬೇಕು. ಕಾಳು ನಾಣ್ಯವಾಗುವ ದಿನ ಸಂತೆಯ ದಿನವೇ. ಈ ಕಾರಣದಿಂದ ಡೇರೆಯವನು ಒಳ್ಳೆಯ ಚಿತ್ರವನ್ನು ಆ ದಿನಕ್ಕೆ ಇಟ್ಟುಕೊಳ್ಳುವುದು ವ್ಯಾಪಾರದ ಬುದ್ಧಿ. ಬಸವಣ್ಣನವರ ಜನ್ಮಸ್ಥಳವಾದ ಬಾಗೇವಾಡಿಯ ಸುತ್ತಿನಲ್ಲಿ ಇನ್ನೊಂದು ವಿಚಾರವನ್ನೂ ನೆನೆಯಬೇಕು: ಸೋಮವಾರ ಬಸವನ ವಾರವೆಂದು ಎತ್ತಿನ ಹೆಗಲಿಗೆ ನೊಗವಿಡದ ಮನೆಗಳು ಅನೇಕ. ಯಾವ ರಾತ್ರಿ ಚಕ್ಕಡಿ ಹೊರಡಬಹುದು, ಎಷ್ಟು ಹೊತ್ತಿಗೆ ಮರಳಬೇಕು ಎಂಬುದನ್ನು ಚಿತ್ರದ ಜಾಹೀರಾತಿಗಿಂತ ಇಂಥ ನಡಾವಳಿಗಳು ಹೆಚ್ಚು ನಿಯಂತ್ರಿಸುತ್ತಿದ್ದವು.

ಋತುವಿನ ಮಾತೂ ಹಾಗೆಯೇ. ಎರೆಮಣ್ಣು ಮಳೆಯಲ್ಲಿ ಗಾಲಿಗೆ ಅಂಟಿ ಚಕ್ಕಡಿಯನ್ನು ನಿಲ್ಲಿಸುತ್ತದೆ. ಡೇರೆಯ ಗೂಟವೂ ಅದರಲ್ಲಿ ನಿಲ್ಲದು. ಬಿತ್ತಿಗೆ ಮುಗಿದು ನೆಲ ಆರಿದ ಮೇಲೆ ಡೇರೆ ಬರುವುದು. ಸುಗ್ಗಿಯ ಕಾಲದಲ್ಲಿ ಅದರ ಗಳಿಕೆ. ಮುಂಗಾರಿಯ ಮೋಡ ಕಂಡೊಡನೆ ಗಂಟುಕಟ್ಟುವುದು. ಬಾದಾಮಿ ತಾಲೂಕಿನ ಬನಶಂಕರಿಯ ಜಾತ್ರೆಯಲ್ಲಿ ತಿಂಗಳುಗಟ್ಟಲೆ ನಾಟಕ ಕಂಪನಿಗಳು ನಿಲ್ಲುವುದು ಇದೇ ಕಾಲದಲ್ಲಿ ಎಂಬುದನ್ನು ಗಮನಿಸಿದರೆ ನಾಟಕದ ದಾರಿಯಲ್ಲಿಯೇ ಚಿತ್ರವೂ ನಡೆಯಿತೆಂಬುದು ಸ್ಪಷ್ಟವಾಗುವುದು.

ಯಂತ್ರವು ಸಾಮಾನ್ಯವಾಗಿ ಒಂದೇ. ಸಾವಿರ ಅಡಿಯ ಒಂದು ರೀಲು ೩೫ ಮಿಲಿಮೀಟರಿನ ಯಂತ್ರದಲ್ಲಿ ಸುಮಾರು ೧೧ ನಿಮಿಷ ಓಡುವುದು. ಎರಡು ಯಂತ್ರಗಳಿದ್ದ ನಗರದ ಮಂದಿರದಲ್ಲಿ ಒಂದು ರೀಲು ಮುಗಿಯುವುದರೊಳಗೆ ಇನ್ನೊಂದು ಹೊರಡುವುದರಿಂದ ಕಥೆ ತುಂಡಾಗುವುದಿಲ್ಲ. ಡೇರೆಯಲ್ಲಿ ಪ್ರತಿಯೊಂದು ಸುರುಳಿಗೂ ಬೆಳಕು ನಿಲ್ಲುವುದು. ಕುಂದೆಂದು ಬರೆದುಬಿಡುವಂಥ ಈ ಸಂಗತಿಯನ್ನು ನಾವು ಮುಖ್ಯವೆಂದು ಎಣಿಸುತ್ತೇವೆ. ಬೆಳಕು ನಿಂತ ಆ ಕೆಲವು ನಿಮಿಷಗಳಲ್ಲಿ ಆದುದೇನು, ಆಗಬೇಕಾದುದೇನು ಎಂದು ಬಳಗದಲ್ಲಿ ಮಾತು ನಡೆಯುವುದು; ಭಾಷೆ ಬಲ್ಲವನು ಬಾರದವರಿಗೆ ತಿಳಿಯಹೇಳುವುದು. ಸೊಸೈಟಿಗಳಲ್ಲಿ ಚಿತ್ರ ಮುಗಿದ ಮೇಲೆ ಏರ್ಪಡಿಸುತ್ತಿದ್ದ ಚರ್ಚೆಯು ಇಲ್ಲಿ ಚಿತ್ರದ ನಡುವೆಯೇ, ಯಂತ್ರದ ಕೃಪೆಯಿಂದ ನಡೆಯುತ್ತಿತ್ತು. ಉಳಿದದ್ದು ಮರಳುವ ದಾರಿಯಲ್ಲಿ.

ಭಾಷೆಯ ಪ್ರಶ್ನೆ ಇಲ್ಲಿ ಏಳುತ್ತದೆ. ೧೯೫೬ರ ನವೆಂಬರ ೧ರ ತನಕ ಈ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ ೧೯೩೪ರಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾಯಿತಾದರೂ ಅದನ್ನು ತಯಾರಿಸಿದ್ದು ಕೊಲ್ಹಾಪುರದಲ್ಲಿ. ಅದೇ ಕೊಲ್ಹಾಪುರದಲ್ಲಿ ಹುಟ್ಟಿ ೧೯೩೩ರಲ್ಲಿ ಪುಣೆಗೆ ಹೋದ ಪ್ರಭಾತ ಕಂಪನಿಯು ೧೯೩೬ರಲ್ಲಿ ‘ಸಂತ ತುಕಾರಾಮ’ವನ್ನು ತೆಗೆಯಿತು. ಅಂದಿನ ಕನ್ನಡ ಚಿತ್ರಗಳು ವರ್ಷಕ್ಕೆ ಬೆರಳೆಣಿಕೆಯಷ್ಟು; ವಾರವಾರವೂ ಹೊಸದನ್ನು ತೋರಿಸಬೇಕಾದ ಡೇರೆಯವನು ಹಿಂದಿ, ಮರಾಠಿಗಳನ್ನು ಬಿಟ್ಟು ನಡೆಯಲಾರನು. ಸೋಲಾಪುರದ ಗಿರಣಿಗಳಿಗೆ ದುಡಿಯಹೋದವರು ಇಂಡಿಯ ಕಡೆಯ ಹಳ್ಳಿಗಳಲ್ಲಿ ಇದ್ದುದರಿಂದ ಆ ಭಾಷೆಗಳನ್ನು ಬಲ್ಲವನೊಬ್ಬನು ಬಳಗದಲ್ಲಿ ದೊರೆಯುವುದು ಕಷ್ಟವಿರಲಿಲ್ಲ.

ಮುಂಬಯಿಯ ಚಿತ್ರವು ಈ ಭಾಗದ ಕನ್ನಡವನ್ನು ಕೆಡಿಸಿತೆಂದು ಹೇಳುವವರಿದ್ದಾರೆ. ನಮಗೆ ಇದು ಅವಸರದ ತೀರ್ಪಾಗಿ ಕಾಣುತ್ತದೆ. ಆ ಮುಂಬಯಿಯ ದನಿಯಲ್ಲಿಯೇ ಬಿಜಾಪುರದ ಪಾಲೂ ಇತ್ತು. ಆಗ ಈ ಜಿಲ್ಲೆಗೆ ಸೇರಿದ್ದ ಬೀಳಗಿಯಲ್ಲಿ ಹುಟ್ಟಿ, ಹೆಸರಿನೊಡನೆ ನಾಡನ್ನು ಸೇರಿಸಿಕೊಂಡ ಅಮೀರಬಾಯಿ ಕರ್ನಾಟಕಿಯವರು ೧೯೪೩ರ ‘ಕಿಸ್ಮತ್’ ಚಿತ್ರದ ಹಾಡುಗಳಿಂದ ದೇಶಕ್ಕೆಲ್ಲ ಪರಿಚಿತರಾದರು, ೧೯೬೫ರಲ್ಲಿ ತೀರಿಕೊಂಡರು. ಬಿಜಾಪುರದಲ್ಲಿ ಅವರ ಹೆಸರಿನ ಅಮೀರ್ ಟಾಕೀಸ್ ಇತ್ತು. ಅವರ ಜೀವನವನ್ನು ಕುರಿತು ರಹಮತ್ ತರೀಕೆರೆಯವರು ಕನ್ನಡದಲ್ಲಿ ಪುಸ್ತಕ ಬರೆದಿದ್ದಾರೆ. ಹಿಂದಿ ಹಾಡನ್ನು ಕೇಳುತ್ತ ‘ಇವಳು ನಮ್ಮ ಜಿಲ್ಲೆಯವಳು’ ಎನ್ನಬಲ್ಲ ಪ್ರೇಕ್ಷಕನಿಗೆ ಭಾಷೆಗಳ ಎಲ್ಲೆ ಆಡಳಿತದ ಎಲ್ಲೆಯಂತೆ ಗಟ್ಟಿಯಾಗಿರಲಾರದು. ಏಕೀಕರಣದ ತರುವಾಯ ‘ಜಗಜ್ಯೋತಿ ಬಸವೇಶ್ವರ’ (೧೯೫೯), ‘ಕಿತ್ತೂರು ಚೆನ್ನಮ್ಮ’ (೧೯೬೧) ಮೊದಲಾದ ಕನ್ನಡ ಚಿತ್ರಗಳು ಈ ಸೀಮೆಯ ಕಥೆಗಳನ್ನೇ ಎತ್ತಿಕೊಂಡವು. ಆದರೆ ಚಿತ್ರವ್ಯಾಪಾರದವರು ತಮ್ಮ ಹಂಚಿಕೆಯ ನಕ್ಷೆಯಲ್ಲಿ ಈ ಭಾಗವನ್ನು ‘ಬಾಂಬೆ ಕರ್ನಾಟಕ’ವೆಂದೇ ಬಹುಕಾಲ ಕರೆದರು. ಸರಕಾರವು ಇದನ್ನು ಕಿತ್ತೂರು ಕರ್ನಾಟಕವೆಂದು ಹೆಸರಿಸಿದ್ದು ೨೦೨೧ರಲ್ಲಿ.

ಡೇರೆಯನ್ನು ಕಾಯಿದೆಯು ಕಂಡ ರೀತಿ ಬೇರೆ. ೧೯೧೮ರ ಚಲಚ್ಚಿತ್ರ ಕಾಯಿದೆಯು ಪರವಾನಗಿಯನ್ನು ಕೊಡುವ ಅಧಿಕಾರವನ್ನು ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಒಪ್ಪಿಸಿತು. ಆ ಕಾಲದ ಫಿಲ್ಮು ಬಹುಬೇಗ ಹೊತ್ತಿಕೊಳ್ಳುವ ನೈಟ್ರೇಟಿನದು. ಬಟ್ಟೆಯ ಡೇರೆಯಲ್ಲಿ ಅದು ಎಷ್ಟು ಅಪಾಯಕರವೆಂಬುದನ್ನು ಹೇಳಬೇಕಾಗಿಲ್ಲ. ಹೀಗಾಗಿ ಯಂತ್ರದ ಕೋಣೆ, ಮರಳಿನ ಬಕೆಟ್ಟು, ಹೊರಹೋಗುವ ಬಾಗಿಲು ಇವುಗಳ ಮೇಲೆ ಅಧಿಕಾರಿಗಳ ಕಣ್ಣು. ೧೯೫೩ರಲ್ಲಿ ಮುಂಬಯಿ ರಾಜ್ಯವೂ ೧೯೬೪ರಲ್ಲಿ ಮೈಸೂರು ರಾಜ್ಯವೂ ತಮ್ಮ ತಮ್ಮ ಸಿನಿಮಾ ನಿಯಂತ್ರಣ ಕಾಯಿದೆಗಳನ್ನು ಮಾಡಿದವು. ಸಂಚಾರಿ ಡೇರೆಯ ಪರವಾನಗಿ ನಿಯತ ಅವಧಿಯದು. ಅವಧಿ ತೀರಿದರೆ ಗೂಟ ಕೀಳಲೇಬೇಕು. ಇದರಿಂದ ಪ್ರೇಕ್ಷಕನ ಮೇಲಾದ ಪರಿಣಾಮವನ್ನು ಯಾರೂ ಎಣಿಸಿದಂತಿಲ್ಲ. ಡೇರೆ ಹೋದರೂ ಬಳಗ ಉಳಿಯುತ್ತಿತ್ತು. ಮುಂದಿನ ಸಲ ಅದು ಹತ್ತು ಹರದಾರಿ ದೂರದಲ್ಲಿ ನಿಂತರೂ ಅಲ್ಲಿಗೆ ಹೋಗಲು ಕೂಡಿದ ಜನ ಇರುತ್ತಿದ್ದರು. ಕಾಯಿದೆಗೆ ಡೇರೆ ಸಂಚಾರಿ. ಬಳಗಕ್ಕೆ ತಾನೇ ಸಂಚಾರಿ.

ಡೇರೆಯೊಳಗೆ ನೆಲ, ಬೆಂಚು, ಕುರ್ಚಿ ಎಂಬ ಭೇದವು ಕೊಟ್ಟ ಹಣದಿಂದ ಆದದ್ದು. ತಮಿಳುನಾಡಿನ ಚಿತ್ರಮಂದಿರವನ್ನು ಕುರಿತು ಬರೆಯುತ್ತ ಕಾರ್ತಿಗೇಸು ಶಿವತಂಬಿಯವರು, ಹುಟ್ಟಿನ ಅಂತಸ್ತಿಗೆ ಬದಲು ಕೊಳ್ಳುವ ಶಕ್ತಿಯ ಮೇಲೆ ಜನರನ್ನು ಒಂದೇ ಮಾಡಿನ ಕೆಳಗೆ ಕೂಡ್ರಿಸಿದ ಮೊದಲ ರಂಗಸ್ಥಳವೇ ಅದು ಎಂದು ವಾದಿಸಿರುವರು. ಈ ಮಾತು ನಮ್ಮ ತಾಲೂಕುಗಳಿಗೂ ಸಲ್ಲುವುದು, ಆದರೆ ಅರ್ಧ ಮಾತ್ರ. ನೆಲದ ಟಿಕೀಟು ಯಾರಿಗೂ ದೊರೆಯುತ್ತಿತ್ತೆಂಬುದು ನಿಜ. ಆದರೆ ಬಂದವರು ಚಕ್ಕಡಿಯಲ್ಲಿ ಬಂದವರು. ಚಕ್ಕಡಿಯು ಓಣಿಯದು, ಓಣಿಯು ಜಾತಿಯದು. ಡೇರೆಯ ಬಾಗಿಲಿನಲ್ಲಿ ಇಲ್ಲದ ಭೇದವು ಚಕ್ಕಡಿಯನ್ನು ಹತ್ತುವಾಗಲೇ ಮುಗಿದಿರುತ್ತಿತ್ತು. ಎತ್ತಿಲ್ಲದವರು ನಡೆದು ಬಂದರು. ಹೆಂಗಸರಿಗೆ ಬೇರೆ ಬದಿ ಇತ್ತು. ಅವರು ಬಂದರೆ ಸಾಮಾನ್ಯವಾಗಿ ದೇವರ ಚಿತ್ರಕ್ಕೆ, ಮನೆಯ ಹಿರಿಯರೊಡನೆ, ಮೊದಲನೆಯ ಆಟಕ್ಕೆ. ಎರಡನೆಯ ಆಟದ ಬಳಗ ಗಂಡಸರದು. ಬಳಗವನ್ನು ಹೊಗಳುವವರು ಈ ಎರಡು ಸಂಗತಿಗಳನ್ನು ಮರೆಯಬಾರದು.

ಈಗ ಫಿಲ್ಮ್ ಸೊಸೈಟಿಗಳ ಕಡೆಗೆ ನೋಡೋಣ. ೧೯೪೭ರಲ್ಲಿ ಸತ್ಯಜಿತ್ ರಾಯ್, ಚಿದಾನಂದ ದಾಸಗುಪ್ತ ಮೊದಲಾದವರಿಂದ ಕಲಕತ್ತೆಯಲ್ಲಿ ಒಂದು ಸೊಸೈಟಿ. ೧೯೫೯ರಲ್ಲಿ ಅಂಥವುಗಳ ಒಕ್ಕೂಟ. ಬೆಂಗಳೂರಿನಲ್ಲಿ ೧೯೭೧ರಲ್ಲಿ ‘ಸುಚಿತ್ರಾ’. ಇವು ಪಟ್ಟಣದ ವಿದ್ಯಾವಂತರವು. ಕರ್ನಾಟಕದ ಹಳ್ಳಿಯಲ್ಲಿ ಇಂಥದೊಂದು ನಿಂತದ್ದು ೧೯೭೩ರಲ್ಲಿ, ಸಾಗರ ತಾಲೂಕಿನ ಹೆಗ್ಗೋಡಿನಲ್ಲಿ, ಕೆ. ವಿ. ಸುಬ್ಬಣ್ಣನವರ ನೀನಾಸಮ್ ಸಂಸ್ಥೆಯ ಚಿತ್ರಸಮಾಜವಾಗಿ. ಲೋಕದ ಶ್ರೇಷ್ಠ ಚಿತ್ರಗಳನ್ನು ಅಡಿಕೆ ಬೆಳೆಯುವ ಹಳ್ಳಿಗರಿಗೆ ತೋರಿಸಿ ಅವರು ಅವುಗಳನ್ನು ಅರಿಯಬಲ್ಲರೆಂದು ಸುಬ್ಬಣ್ಣನವರು ತೋರಿಸಿಕೊಟ್ಟರು. ಎಪ್ಪತ್ತರ ದಶಕದ ಕೊನೆಗೆ ಚಿತ್ರರಸಗ್ರಹಣ ಶಿಬಿರಗಳೂ ನಡೆದವು. ಇದು ದೊಡ್ಡ ಕೆಲಸ. ಆದರೆ ಹೆಗ್ಗೋಡಿನ ನಂತರವೇ ಹಳ್ಳಿಯವನು ಚಿತ್ರವನ್ನು ವಿಚಾರಪೂರ್ವಕವಾಗಿ ನೋಡಲು ಕಲಿತನೆಂದು ಕೆಲವರು ಬರೆಯುವಾಗ ನಾವು ಒಪ್ಪಲಾರೆವು. ನಿಯತ ದಿನ, ನಿಯತ ಜನ, ನೋಡಿದ್ದರ ಮೇಲೆ ಮಾತು ಇವು ಸೊಸೈಟಿಯ ಲಕ್ಷಣಗಳಾದರೆ ಇಂಡಿ-ಸಿಂದಗಿಯ ಚಕ್ಕಡಿಗೂ ಅವು ಇದ್ದವು. ಇಲ್ಲದಿದ್ದದ್ದು ಆಯ್ಕೆ. ಡೇರೆಯವನು ತಂದದ್ದೇ ಚಿತ್ರ. ಈ ಒಂದು ವ್ಯತ್ಯಾಸ ಚಿಕ್ಕದಲ್ಲ.

ಈ ಜಿಲ್ಲೆಯ ಹಳ್ಳಿಗರಿಗೆ ಇನ್ನೊಂದು ವಿಶೇಷ ಅನುಭವವೂ ಒದಗಿತು. ೧೯೭೫ರ ಆಗಸ್ಟ ೧ರಿಂದ ೧೯೭೬ರ ಜುಲೈ ೩೧ರವರೆಗೆ ಅಮೆರಿಕದ ಎ.ಟಿ.ಎಸ್.-೬ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು ೨,೪೦೦ ಹಳ್ಳಿಗಳಲ್ಲಿ ನಡೆದ ದೂರದರ್ಶನ ಪ್ರಯೋಗಕ್ಕೆ ಕರ್ನಾಟಕದಲ್ಲಿ ಆರಿಸಿದ್ದು ಬಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳನ್ನು. ಬೆಂಗಳೂರಿಗೆ ದೂರದರ್ಶನ ಬಂದದ್ದು ೧೯೮೧ರಲ್ಲಿ ಎಂಬುದನ್ನು ನೆನೆದರೆ ಇದರ ವೈಚಿತ್ರ್ಯ ತಿಳಿಯುವುದು. ಶಾಲೆಯಂಥ ಸಾರ್ವಜನಿಕ ಕಟ್ಟಡದಲ್ಲಿ ಒಂದು ಪೆಟ್ಟಿಗೆ, ಅಂಗಳದಲ್ಲಿ ತಂತಿಬಲೆಯ ದೊಡ್ಡ ಬುಟ್ಟಿ, ಮುಂದೆ ನೆಲದ ಮೇಲೆ ಊರ ಜನ. ಒಕ್ಕಲುತನ, ಆರೋಗ್ಯ, ಶಿಕ್ಷಣಗಳ ವಿಷಯವನ್ನು ಕನ್ನಡದಲ್ಲಿ ಹೇಳಿದರು. ಸಂಶೋಧಕರು ಆ ವರ್ಷ ಹಳ್ಳಿಗರು ಏನನ್ನು ಕಲಿತರೆಂದು ಅಳೆದರು. ಕೂಡಿ ಕುಳಿತು, ಕೂಡಿ ಮಾತಾಡಿ ನೋಡುವುದನ್ನು ಆ ಜನರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಡೇರೆಯು ಆಗಲೇ ಕಲಿಸಿತ್ತು. ಇಲ್ಲಿ ದಾರಿಯ ಭಯವಿಲ್ಲ, ಟಿಕೀಟಿಲ್ಲ, ಹೆಂಗಸರು ನಡುರಾತ್ರಿ ಮರಳಬೇಕಾಗಿಲ್ಲ. ಬಳಗವನ್ನು ಕೂಡಿಸಿದ್ದ ಕಾರಣಗಳೂ ಅಲ್ಲಿಗೆ ಸಡಿಲಾದವು.

ಮುಂದಿನದು ಬೇಗ ನಡೆಯಿತು. ಬಸ್ಸು, ಖಾಯಂ ಮಂದಿರ, ವಿಡಿಯೋ, ೧೯೮೭ರಿಂದ ಭಾನುವಾರದ ‘ರಾಮಾಯಣ’ ಇವೆಲ್ಲ ಬಂದಂತೆ ಡೇರೆ ಮರೆಯಾಯಿತು. ಮಂದಿರಕ್ಕೆ ಮಧ್ಯಾಹ್ನದ ಆಟವಿದ್ದುದರಿಂದ ಸಂತೆಯವನು ಒಬ್ಬನೇ ನೋಡಿ ಸಂಜೆಯ ಬಸ್ಸಿಗೆ ಊರು ಸೇರಬಹುದಾಯಿತು.

ಬಳಗವು ಕಾಗದವನ್ನು ಉಳಿಸಲಿಲ್ಲ, ಉಳಿದದ್ದು ಬಾಯಮಾತು. ೧೯೫೫ರಲ್ಲಿ ಹತ್ತು ವರ್ಷದ ಹುಡುಗನಾಗಿ ಚಕ್ಕಡಿಯ ಹಿಂಬದಿಯಲ್ಲಿ ಕುಳಿತವನಿಗೆ ಈಗ ಎಂಬತ್ತು ದಾಟಿದೆ. ಮುದ್ದೇಬಿಹಾಳ, ಬಾಗೇವಾಡಿಗಳ ಕೃಷ್ಣಾತೀರದಲ್ಲಿ ಇನ್ನೊಂದು ತೊಡಕುಂಟು. ಸರಕಾರದ ಫಿಲ್ಮ್ಸ್ ಡಿವಿಜನ್ ೧೯೪೮ರಿಂದ ತಯಾರಿಸಿದ ಸಮಾಚಾರ ಚಿತ್ರಗಳನ್ನು ಪರವಾನಗಿಯ ಷರತ್ತಿನಂತೆ ಡೇರೆಯಲ್ಲಿಯೂ ಮೊದಲಿಗೆ ತೋರಿಸಬೇಕಾಗಿತ್ತು. ಆಣೆಕಟ್ಟು ಅವುಗಳ ಮೆಚ್ಚಿನ ವಿಷಯ. ೧೯೬೪ರ ಮೇ ೨೨ರಂದು ಬಾಗೇವಾಡಿ ತಾಲೂಕಿನ ಆಲಮಟ್ಟಿಯಲ್ಲಿಯೇ ಲಾಲಬಹಾದೂರ ಶಾಸ್ತ್ರಿಗಳು ಆಣೆಕಟ್ಟಿಗೆ ಅಡಿಗಲ್ಲನ್ನಿಟ್ಟರು. ಮುಂದೆ ಆ ಯೋಜನೆಯ ಹಿನ್ನೀರಿನಲ್ಲಿ ತೀರದ ಅನೇಕ ಹಳ್ಳಿಗಳು ಮುಳುಗಿ ಜನರು ಪುನರ್ವಸತಿ ಕೇಂದ್ರಗಳಿಗೆ ಹೋದರು. ಒಂದೇ ಓಣಿಯಿಂದ ಹೊರಡುತ್ತಿದ್ದ ಚಕ್ಕಡಿಯ ಜನ ಈಗ ಬೇರೆ ಬೇರೆ ಕೇಂದ್ರಗಳಲ್ಲಿರುವರು.

ಈ ಭಾಗದ ಕಾಲೇಜುಗಳ ವಿದ್ಯಾರ್ಥಿಗಳು ಅವರನ್ನು ಕಾಣಬಹುದು. ಯಾವ ಚಿತ್ರ, ಯಾವ ನಟ ಎಂಬ ಪ್ರಶ್ನೆಯಿಂದ ಆರಂಭಿಸಿದರೆ ಎಲ್ಲರೂ ಹೇಳುವ ನಾಲ್ಕೈದು ಹೆಸರುಗಳೇ ದೊರೆಯುವುವು. ಚಕ್ಕಡಿ ಯಾರದು, ಅದರಲ್ಲಿ ಯಾರು ಯಾರು ಕೂಡುತ್ತಿದ್ದರು, ಯಾರನ್ನು ಕರೆಯುತ್ತಿರಲಿಲ್ಲ, ಮರಾಠಿಯನ್ನು ಬಿಡಿಸಿ ಹೇಳುತ್ತಿದ್ದವರು ಯಾರು, ಆ ರಾತ್ರಿ ಕಣದಲ್ಲಿ ರಾಶಿ ಕಾಯಲು ಉಳಿದವರು ಯಾರು ಎಂದು ಕೇಳಬೇಕು. ಉಳಿದವನಿಗೆ ಮರುದಿನ ಕಥೆಯನ್ನು ಹೇಳಿದವರಾರು ಎಂಬುದನ್ನೂ ಕೇಳಬೇಕು.